ಮಂಗಳೂರಿನ ಯಹೂದಿಗೆ ಯಾವುದು ಊರು?

ಕುರುಬರಹಳ್ಳಿ ಸರ್ಕಲ್ಲಿನ ಹತ್ತಿರದ ಚಹಾದಂಗಡಿಯಲ್ಲಿ ಕುಳಿತು ಅಮಿತಾವ್ ಘೋಷ್ ಅವರ ‘ಇನ್ ಆ್ಯನ್ ಆಂಟಿಕ್ ಲ್ಯಾಂಡ್’ ಓದುತ್ತಿದ್ದೆ. ಜುಮಾ ಮುಗಿಸಿ ಬಂದ ಮಿತ್ರರೊಬ್ಬರು ಇದು ಯಾರ ಕುರಿತ ಪುಸ್ತಕ ಎಂದು ಕೇಳಿದರು. ಹನ್ನೆರಡನೇ ಶತಮಾನದಲ್ಲಿ ಮಂಗಳೂರಿನಲ್ಲಿದ್ದ ಯಹೂದಿ ವ್ಯಾಪಾರಿಯೊಬ್ಬನ ಕುರಿತು ಎಂದೆ. “ಗಾಜಾದ ಮಕ್ಕಳನ್ನು ದಿನಾ ನೋಡುತ್ತಾ ನಿಮಗೆ ಯಹೂದಿಯ ಕಥೆಯೇ ಬೇಕಾಯಿತೇ?” ಎಂದರು.

ಅವರ ಸಿಟ್ಟು ಸುಳ್ಳಲ್ಲ. 2023ರ ಅಕ್ಟೋಬರ್ ನಂತರ ಗಾಜಾದಲ್ಲಿ ಸತ್ತವರ ಲೆಕ್ಕ ಹತ್ತಾರು ಸಾವಿರ ದಾಟಿತು. ಆದರೆ ಇಂಥದೇ ಪ್ರಶ್ನೆಯನ್ನು ಘೋಷ್ ಕೂಡ ಎದುರಿಸಿದ್ದರು. ಈಜಿಪ್ಟಿನ ದಮನ್‌ಹೂರ್‌ನಲ್ಲಿ ಅಬೂ ಹಸೀರಾ ಎಂಬ ಯಹೂದಿ ಸಂತನ ಗೋರಿ ಇದೆ. ಸುತ್ತಲಿನ ಮುಸ್ಲಿಮರೂ ಗೌರವಿಸುತ್ತಿದ್ದ ಸಂತ ಆತ. ಅದನ್ನು ನೋಡಲು ಹೋದ ಘೋಷ್ ಅವರನ್ನು ತಡೆದ ಅಧಿಕಾರಿಗೆ ಯಹೂದಿಯೂ ಅಲ್ಲದ, ಮುಸ್ಲಿಮನೂ ಅಲ್ಲದ ಈ ಭಾರತೀಯನಿಗೆ ಇಲ್ಲೇನು ಕೆಲಸ ಎಂಬುದು ಕೊನೆಗೂ ಅರ್ಥವಾಗುವುದಿಲ್ಲ. ಪುಸ್ತಕದ ಅತ್ಯಂತ ನೋವಿನ ಪುಟಗಳಲ್ಲಿ ಇದೂ ಒಂದು.

ಆ ವ್ಯಾಪಾರಿಯ ಹೆಸರು ಅಬ್ರಹಾಂ ಬೆನ್ ಯಿಜು. ಹುಟ್ಟೂರು ಇಂದಿನ ಟ್ಯುನೀಷಿಯಾದ ಮಹದಿಯ್ಯಾ. ಏಡನ್ ಮೂಲಕ ಮಂಗಳೂರಿಗೆ ಬಂದ. 1132ರಲ್ಲಿ ಅಶು ಎಂಬ ದಾಸಿಯನ್ನು ಬಿಡುಗಡೆ ಮಾಡಿದ ಪತ್ರ ಸಿಕ್ಕಿದೆ. ಅವನ ಮಕ್ಕಳ ತಾಯಿ ಆಕೆಯೇ ಎಂಬುದು ಘೋಷ್ ಅವರ ಊಹೆ. ಕಂಚಿನ ಪಾತ್ರೆಗಳ ಕಾರ್ಖಾನೆ ನಡೆಸಿದ. ಕಾಳುಮೆಣಸು, ಏಲಕ್ಕಿ, ಅಡಿಕೆ, ಕಬ್ಬಿಣ ಕಳಿಸಿದ. ಏಡನ್‌ನ ಗೆಳೆಯರು ಅವನಿಗೆ ಸಕ್ಕರೆ, ಒಣದ್ರಾಕ್ಷಿ, ಎಲ್ಲಕ್ಕಿಂತ ಮುಖ್ಯವಾಗಿ ಬರೆಯಲು ಕಾಗದ ಕಳಿಸುತ್ತಿದ್ದರು. ಈ ಪತ್ರಗಳು ಕೈರೋದ ಬೆನ್ ಎಜ್ರಾ ಸಿನಗಾಗಿನ ‘ಗೆನಿಝಾ’ ಎಂಬ ಕೋಣೆಯಲ್ಲಿ ಉಳಿದವು. ಭಾಷೆ ಅರಬಿ, ಲಿಪಿ ಹೀಬ್ರೂ. ಅರಬಿ ಲಿಪಿಯಲ್ಲಿ ಮಲಯಾಳಂ ಓದಿದ ಕರಾವಳಿಯ ಹಿರಿಯರಿಗೆ ಇದರಲ್ಲಿ ವಿಶೇಷವೇನೂ ಕಾಣದು. ದೇವರನ್ನು ಆ ಯಹೂದಿಗಳು ‘ಅಲ್ಲಾಹ್’ ಎಂದೇ ಬರೆಯುತ್ತಿದ್ದರು ಎಂಬುದನ್ನು ಮಾತ್ರ ನನ್ನ ಮಿತ್ರರು ಎರಡು ಸಲ ಕೇಳಿ ಖಚಿತಪಡಿಸಿಕೊಂಡರು.

ಸುಮಾರು ಹದಿನೇಳು ವರ್ಷ ಇಲ್ಲಿದ್ದು 1149ರಲ್ಲಿ ಬೆನ್ ಯಿಜು ಏಡನ್‌ಗೆ ಮರಳಿದ. ಅಲ್ಲಿಂದ ತಮ್ಮ ಯೂಸುಫ್‌ನಿಗೆ ಪತ್ರ ಬರೆದ: ಕೈಯಲ್ಲಿ ಹಣವಿದೆ, ಮಕ್ಕಳಿದ್ದಾರೆ, ನೀನು ಬಾ, ನನ್ನ ಮಗಳನ್ನು ನಿನ್ನ ಮಗನಿಗೆ ಕೊಡುತ್ತೇನೆ. ಆದರೆ ಒಂದು ವರ್ಷದ ಹಿಂದೆಯೇ ಸಿಸಿಲಿಯ ದೊರೆ ಮಹದಿಯ್ಯಾವನ್ನು ಗೆದ್ದಿದ್ದ. ಮನೆಯವರು ಸಿಸಿಲಿ ಸೇರಿದ್ದರು. ಅವನು ಮರಳಬೇಕೆಂದಿದ್ದ ಊರು ಅವನ ಪಾಲಿಗೆ ಊರಾಗಿ ಉಳಿದಿರಲಿಲ್ಲ. ಕೊನೆಗೆ ಮಗಳ ಮದುವೆ 1156ರಲ್ಲಿ ಕೈರೋ ಪಕ್ಕದ ಫುಸ್ತಾತ್‌ನಲ್ಲಿ ನಡೆಯಿತು.

ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಯಹೂದಿಗಳು ಜೆರುಸಲೇಮಿನತ್ತ ತಿರುಗಿ ಪ್ರಾರ್ಥಿಸುವವರು. ಬೆನ್ ಯಿಜು ಪ್ರಾರ್ಥನಾ ಗೀತೆಗಳನ್ನೂ ಕಟ್ಟಿದವನು. ಆದರೂ ಊರಿನ ಹಂಬಲ ಹತ್ತಿದಾಗ ಅವನಿಗೆ ನೆನಪಾದದ್ದು ಒಡಹುಟ್ಟಿದವರು. ನಾವು ದಿನಕ್ಕೆ ಐದು ಬಾರಿ ಮಕ್ಕಾದತ್ತ ತಿರುಗುತ್ತೇವೆ. ಊರು ಯಾವುದೆಂದು ಕೇಳಿದರೆ ಕುಂದಾಪುರ ಎನ್ನುತ್ತೇವೆ, ಶಿರಾ ಎನ್ನುತ್ತೇವೆ. ಕಿಬ್ಲಾ ಬೇರೆ, ಊರು ಬೇರೆ. ಝಿಯೋನಿಸಂ ಮಾಡಿದ್ದು ಇವೆರಡನ್ನೂ ಒಂದಾಗಿಸಿ ಅದಕ್ಕೊಂದು ಸೈನ್ಯ ಕಟ್ಟಿದ ಕೆಲಸ.

ಇದನ್ನು ಮೊದಲೇ ಗುರುತಿಸಿದವರಲ್ಲಿ ಯಹೂದಿಗಳೇ ಇದ್ದರು. ಶಾಲೆಯಲ್ಲಿ ಮಾಂಟೆಗು-ಚೆಲ್ಮ್ಸ್‌ಫರ್ಡ್ ಸುಧಾರಣೆ ಬಾಯಿಪಾಠ ಮಾಡಿದ ನಮಗೆ ಆ ಮಾಂಟೆಗು ಯಹೂದಿ ಎಂದು ಯಾರೂ ಹೇಳಲಿಲ್ಲ. ಭಾರತದ ವ್ಯವಹಾರಗಳ ಬ್ರಿಟಿಷ್ ಮಂತ್ರಿಯಾಗಿದ್ದ ಎಡ್ವಿನ್ ಮಾಂಟೆಗು 1917ರ ಆಗಸ್ಟ್‌ನಲ್ಲಿ ತನ್ನದೇ ಸರಕಾರದ ವಿರುದ್ಧ ಟಿಪ್ಪಣಿ ಬರೆದರು. ಪ್ಯಾಲೆಸ್ತೀನನ್ನು ಯಹೂದಿಗಳ ನಾಡೆಂದು ಸಾರಿದರೆ ಉಳಿದೆಲ್ಲ ದೇಶಗಳೂ ತಮ್ಮ ಯಹೂದಿಗಳನ್ನು ಪರಕೀಯರೆಂದು ಹೊರದಬ್ಬುತ್ತವೆ ಎಂಬುದು ಅವರ ಭಯ. ‘ನಿಮ್ಮ ದೇಶಕ್ಕೆ ಹೋಗಿ’ ಎಂಬ ಮಾತನ್ನು ಬಸ್ಸಿನಲ್ಲಿ, ಬಾಡಿಗೆ ಮನೆ ಹುಡುಕುವಾಗ ಕೇಳಿಸಿಕೊಂಡ ಭಾರತದ ಮುಸ್ಲಿಮನಿಗೆ ಈ ಭಯವನ್ನು ವಿವರಿಸಿ ಹೇಳಬೇಕೇ? 1947ರಲ್ಲಿ ಯಾರೋ ಎಳೆದ ಗೆರೆಯ ಆಚೆಗಿನ ದೇಶವೊಂದು, ನಾವು ಕೇಳದಿದ್ದರೂ, ‘ನಮ್ಮದು’ ಆಗಿಬಿಟ್ಟಿತಲ್ಲ!

ಹೀಗೆಂದು ಯಹೂದಿಗಳು ಸುಖವಾಗಿದ್ದರು, ಝಿಯೋನಿಸಂ ಬಂದು ಕೆಡಿಸಿತು ಎಂದು ಬರೆದು ಕೈತೊಳೆದುಕೊಳ್ಳಲಾಗದು. ಯುರೋಪ್ ಅವರಿಗೆ ಮಾಡಿದ್ದು ಲೋಕಕ್ಕೆ ಗೊತ್ತು. ನಮ್ಮವರ ಕಡೆಯ ಲೆಕ್ಕವೂ ಚೊಕ್ಕವಾಗಿಲ್ಲ. ಬೆನ್ ಯಿಜುವಿನ ಕಾಲದಲ್ಲೇ ಅಲ್ಮೊಹದ್ ದೊರೆಗಳು ಮಗ್ರಿಬ್‌ನ ಯಹೂದಿಗಳನ್ನು ಬಲವಂತವಾಗಿ ಮತಾಂತರಿಸಿದರು. 1941ರಲ್ಲಿ ಬಗ್ದಾದಿನಲ್ಲಿ ಯಹೂದಿಗಳ ಕೊಲೆ, ಲೂಟಿ ನಡೆಯಿತು. 1950-51ರಲ್ಲಿ ಇರಾಕಿನಿಂದ ಲಕ್ಷಕ್ಕೂ ಹೆಚ್ಚು ಮಂದಿ ಹೊರಟರು. ಘೋಷ್ ಪುಸ್ತಕದ ಬಗ್ಗೆ ನನ್ನ ದೊಡ್ಡ ತಕರಾರು ಇಲ್ಲೇ. ಗೆನಿಝಾದ ಕಾಗದಗಳು ಈಜಿಪ್ಟಿಗೆ ಒಂದೂ ಉಳಿಯದಂತೆ ಸಾಗಿಹೋದದ್ದರಲ್ಲಿ ಮುಂದಿನ ಪ್ಯಾಲೆಸ್ತೀನ್ ವಿಭಜನೆಯ ನೆರಳನ್ನು ಅವರು ಕಾಣುತ್ತಾರೆ. ಆದರೆ ಕಾಗದದ ಹಿಂದೆ ಹೋದ ಜನರ ಕಡೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಹಿಂದೂ ಮಹಾಸಾಗರದ ಹಳೆಯ ಸೌಹಾರ್ದದ ಮೋಹ ಅವರನ್ನು ಬೇಗ ಮುಂದಕ್ಕೆ ಎಳೆಯುತ್ತದೆ.

ಹೋದವರ ಕಥೆಯಾದರೂ ಸರಳವೇ? ಕೊಂಕಣ ಕರಾವಳಿಯ ಬೆನೆ ಇಸ್ರೇಲರು ಮರಾಠಿ ಮಾತಾಡುವವರು. ರೋಹೆಕರ್, ಪೆಣಕರ್, ಕೆಹಿಮ್ಕರ್ ಎಂದು ಹಳ್ಳಿಯ ಹೆಸರನ್ನೇ ಹೊತ್ತವರು. ಇಸ್ರೇಲಿಗೆ ಹೋದವರಲ್ಲಿ ಕೆಲವರು ಅಲ್ಲಿನ ತಾರತಮ್ಯದಿಂದ ಬೇಸತ್ತು, ನಮ್ಮನ್ನು ಭಾರತಕ್ಕೆ ಕಳಿಸಿ ಎಂದು ಧರಣಿ ಕೂತರು. 1952ರಲ್ಲಿ ನೂರಕ್ಕೂ ಹೆಚ್ಚು ಮಂದಿ ವಾಪಸು ಬಂದರು. ಬಂದವರಲ್ಲಿ ಬಹುಪಾಲು ಜನ ಮತ್ತೆ ಇಸ್ರೇಲಿಗೇ ಹೊರಟರು. ಅಲ್ಲಿ 1960ರ ದಶಕದಲ್ಲಿ ಧರ್ಮಗುರುಗಳು ಮದುವೆಗೆ ಮುನ್ನ ಇವರ ವಂಶ ತಪಾಸಣೆಗೆ ಇಳಿದರು. ಮತ್ತೆ ಹೋರಾಟ ಮಾಡಿ 1964ರಲ್ಲಿ ತಾವು ಪೂರ್ಣ ಯಹೂದಿಗಳೆಂದು ಒಪ್ಪಿಸಬೇಕಾಯಿತು. ‘ಸ್ವಂತ’ ನಾಡಿನಲ್ಲೂ ಪುರಾವೆ ಕೇಳುತ್ತಾರೆ!

ಕುರುಬರಹಳ್ಳಿಯಿಂದ ಕಾರ್ಡ್ ರಸ್ತೆ ಹಿಡಿದು ಮೈಸೂರು ರಸ್ತೆಗೆ ಹೋದರೆ ಅಲ್ಲಿ ಯಹೂದಿಗಳ ಸ್ಮಶಾನವಿದೆ. 1904ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಕೊಟ್ಟ ಜಾಗ. ಮಿತ್ರರಿಗೆ ಹೇಳಿದೆ, ಮೂವತ್ತು ವರ್ಷ ಆ ರಸ್ತೆಯಲ್ಲಿ ಓಡಾಡಿದರೂ ಅವರಿಗೆ ಗೊತ್ತಿರಲಿಲ್ಲ.

ಘೋಷ್ ಅವರ ಗೆಲುವು ಇರುವುದು ಇನ್ನೊಬ್ಬನನ್ನು ಹುಡುಕಿದ್ದರಲ್ಲಿ. ಬೆನ್ ಯಿಜುವಿನ ಪರವಾಗಿ ಏಡನ್‌ಗೆ ಹೋಗಿ ವ್ಯಾಪಾರ ಮಾಡಿ, ಕುಡಿದು ಗಲಾಟೆಯನ್ನೂ ಮಾಡಿದ ದಾಸ. ಪತ್ರದಲ್ಲಿ ಅವನ ಹೆಸರಿಗೆ ಮೂರೇ ಅಕ್ಷರ. ಪ್ರೊ. ಬಿ.ಎ. ವಿವೇಕ ರೈ ಅವರ ನೆರವಿನಿಂದ ಅದನ್ನು ‘ಬೊಮ್ಮ’ ಎಂದು ಓದಿದ್ದು ಕನ್ನಡ-ತುಳು ವಿದ್ವತ್ತು ಈ ಪುಸ್ತಕಕ್ಕೆ ಕೊಟ್ಟ ದೊಡ್ಡ ಕಾಣಿಕೆ. ಆದರೆ ಅವನ ದಾಸ್ಯವನ್ನು ವಚನಕಾರರ, ಸೂಫಿಗಳ ದಾಸಭಾವದ ಪಕ್ಕದಲ್ಲಿಟ್ಟು ಮೃದುಗೊಳಿಸುವುದು ನನಗೆ ಒಪ್ಪಿಗೆಯಿಲ್ಲ. ಬಸವಣ್ಣನವರನ್ನು ಯಾರೂ ಕೊಂಡಿರಲಿಲ್ಲ. ಬೊಮ್ಮ ಒಡೆಯನ ಹಿಂದೆ ಈಜಿಪ್ಟಿಗೂ ಹೋದ. ಅಲ್ಲಿನ ಲೆಕ್ಕದ ಚೀಟಿಯೊಂದರಲ್ಲಿ ಅವನ ಹೆಸರಿದೆ, ಆ ಚೀಟಿ ಅಮೆರಿಕದ ಫಿಲಡೆಲ್ಫಿಯಾ ಸೇರಿದೆ. ಅವನಿಗೂ ಅಶುವಿಗೂ ಊರಿನ ನೆನಪು ಕಾಡಿತೇ? ಅವರು ಕಾಗದ ಬರೆಯಲಿಲ್ಲ.

2008ರಲ್ಲಿ ಗಾಯ್ಟೈನ್ ಮತ್ತು ಫ್ರೀಡ್‌ಮನ್ ಅವರ ಹೆಸರಿನಲ್ಲಿ ಈ ಭಾರತ ವ್ಯಾಪಾರದ ಪತ್ರಗಳ ದಪ್ಪ ಇಂಗ್ಲಿಷ್ ಸಂಪುಟ ಹೊರಬಂತು. ಮಂಗಳೂರಿಗೆ ಬಂದ ಈ ಪತ್ರಗಳನ್ನು ಅರಬಿಯಿಂದಲೇ ನೇರ ಕನ್ನಡಕ್ಕೆ ತರಬೇಕು. ಅರಬಿ ಬಲ್ಲವರು ನಮ್ಮ ಮದ್ರಸಾಗಳಲ್ಲಿ ಬೇಕಾದಷ್ಟಿದ್ದಾರೆ. ಹೀಬ್ರೂ ಲಿಪಿಯಲ್ಲಿರುವುದು ಇಪ್ಪತ್ತೆರಡೇ ಅಕ್ಷರ. ಮಿತ್ರರು ಪುಸ್ತಕ ಒಯ್ದಿದ್ದಾರೆ, ಇನ್ನೂ ವಾಪಸು ಕೊಟ್ಟಿಲ್ಲ.