ಇಪ್ಪತ್ತೊಂಬತ್ತು ಸ್ಥಾನಗಳ ಮನುಷ್ಯಸಂಖ್ಯೆ: ಒಂದು ಪಾಠವಿಮರ್ಶೆ

ಕುವಲಾಲಪುರವರೇಶ್ವರರೆಂಬ ಬಿರುದಿನ ಮೂಲಕ ಗಂಗರು ತಮ್ಮ ಮೂಲವನ್ನು ಇಂದಿನ ಕೋಲಾರದೊಡನೆ ಹೊಂದಿಸಿಕೊಂಡಿದ್ದರು. ಆ ವಂಶದ ಮಂತ್ರಿ ಚಾವುಂಡರಾಯನ ನಿಮಿತ್ತವಾಗಿ ಹತ್ತನೆಯ ಶತಮಾನದಲ್ಲಿ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ರಚಿಸಿದ ಗೊಮ್ಮಟಸಾರದ ಜೀವಕಾಂಡದಲ್ಲಿ ಪರ್ಯಾಪ್ತ ಮನುಷ್ಯರ ಸಂಖ್ಯೆಯು ಎರಡು ಬಗೆಯಾಗಿ ಉಕ್ತವಾಗಿದೆ. ದ್ವಿರೂಪವರ್ಗಧಾರೆಯ ಐದನೆಯ ವರ್ಗದ ಘನವೆಂಬುದು ಒಂದು. ಕಟಪಯಾದಿ ಅಕ್ಷರಗಳಿಂದ ಏಕಸ್ಥಾನ ಮೊದಲ್ಗೊಂಡು ಅಂಕಗಳನ್ನೇ ಹೇಳಿರುವುದು ಇನ್ನೊಂದು. ೪, ೧೬, ೨೫೬, ೬೫೫೩೬ಗಳ ಬಳಿಕ ಬರುವ ಐದನೆಯ ವರ್ಗ ೪೨೯೪೯೬೭೨೯೬. ಅದರ ಘನ ೭೯೨೨೮೧೬೨೫೧೪೨೬೪೩೩೭೫೯೩೫೪೩೯೫೦೩೩೬. ಇದರ ಅರ್ಧಚ್ಛೇದಗಳು ೯೬. ಎಂದರೆ ತೊಂಬತ್ತಾರು ಬಾರಿ ಅರ್ಧಿಸಿದರೆ ಒಂದು ಉಳಿಯುತ್ತದೆ. ಅನುಯೋಗದ್ವಾರಸೂತ್ರದಲ್ಲಿಯೂ ಈ ಲಕ್ಷಣವೇ ಕಾಣುತ್ತದೆ.

ಷಟ್ಖಂಡಾಗಮದ ಸೂತ್ರವಾದರೋ ಈ ರಾಶಿಯನ್ನು ಕೋಟಿಕೋಟಿಕೋಟಿಕೋಟಿಗಿಂತ ಕೆಳಗೆ, ಎಂದರೆ ಒಂದರ ಮುಂದೆ ೨೮ ಸೊನ್ನೆಗಳ ಸಂಖ್ಯೆಯೊಳಗೆ, ಇರಿಸುತ್ತದೆ. ಮೇಲಿನ ಸಂಖ್ಯೆ ಆ ಮಿತಿಯ ಸುಮಾರು ಎಂಟು ಪಟ್ಟು. ಕ್ರಿ.ಶ. ೮೧೬ರಲ್ಲಿ ಮುಗಿದ ಧವಲಾಟೀಕೆಯಲ್ಲಿ ವೀರಸೇನಾಚಾರ್ಯರು ಇದನ್ನರಿತು, ಮನುಷ್ಯಕ್ಷೇತ್ರದ ವಿಸ್ತಾರವನ್ನು ಗಣಿಸಿ, ಇಷ್ಟು ಮನುಷ್ಯರು ಅಲ್ಲಿ ಹಿಡಿಸಲಾರರೆಂದು ಆ ಮತವನ್ನು ನಿರಾಕರಿಸಿದ್ದಾರೆ.

ಈ ವಿರೋಧವನ್ನು ಲಿಪಿಕಾರನ ಪ್ರಮಾದವೆಂದು ಪರಿಹರಿಸಬಹುದೆ? ಗಾಹೆಯ ಕಡೆಯ ಅಕ್ಷರವನ್ನು ಪ್ರಕ್ಷಿಪ್ತವೆಂದು ತೆಗೆದರೆ ಸಂಖ್ಯೆಯ ಆದಿಯ ೭ ಹೋಗಿ, ಉಳಿದದ್ದು ಸೂತ್ರದ ಮಿತಿಯೊಳಗೆ ಬರುವುದು ನಿಜ. ಆದರೆ ಆಗ ತೊಂಬತ್ತಾರು ಅರ್ಧಚ್ಛೇದಗಳೂ ಉಳಿಯವು, ಘನವೂ ಉಳಿಯದು. ಆದುದರಿಂದ ಅಂತಹ ತಿದ್ದುಪಡಿ ಅಗ್ರಾಹ್ಯ.

ಓಲೆಪ್ರತಿಗಳಲ್ಲಿ ಅಕ್ಷರಭ್ರಾಂತಿ ಇಲ್ಲವೆಂದಲ್ಲ. ಕನ್ನಡ ಲಿಪಿಯಲ್ಲಿ ದಕಾರ ಧಕಾರಗಳ ಭೇದ ಅತ್ಯಲ್ಪ. ಕಟಪಯಾದಿಯಲ್ಲಿ ಅವು ಕ್ರಮವಾಗಿ ೮ ಮತ್ತು ೯. ಗಾಹೆಯ ಆರನೆಯ ಮತ್ತು ಹನ್ನೊಂದನೆಯ ಅಕ್ಷರಗಳು ಧಕಾರಗಳು. ಇಲ್ಲಿ ಸಂಖ್ಯೆಯ ಗುಣಗಳೇ ಪರೀಕ್ಷೆಗೆ ಒದಗುತ್ತವೆ. ಎರಡರ ಆರನೆಯ ಘಾತ ೬೪ನ್ನು ಒಂಬತ್ತರಿಂದ ಭಾಗಿಸಿದರೆ ಶೇಷ ೧. ಆದ್ದರಿಂದ ತೊಂಬತ್ತಾರನೆಯ ಘಾತದ ಶೇಷವೂ ೧. ಅಂಕಗಳ ಮೊತ್ತ ೧೨೭, ಅದರ ಶೇಷವೂ ೧. ಹನ್ನೊಂದರಿಂದ ಭಾಗಿಸಿದಾಗ ಶೇಷ ೯ ಆಗಬೇಕು. ಏಕಸ್ಥಾನದಿಂದ ಎಣಿಸಿದ ವಿಷಮಸ್ಥಾನಗಳ ಮೊತ್ತ ೭೯ರಲ್ಲಿ ಸಮಸ್ಥಾನಗಳ ಮೊತ್ತ ೪೮ನ್ನು ಕಳೆದ ೩೧ಕ್ಕೆ ಶೇಷ ೯ ಬರುತ್ತದೆ.

ಎರಡು ಪರೀಕ್ಷೆಗಳೂ ಅವಶ್ಯಕ. ನೆರೆಯ ಎರಡು ಅಂಕಗಳು ಪಲ್ಲಟವಾದರೆ ಒಂಬತ್ತರ ಪರೀಕ್ಷೆಗೆ ತಿಳಿಯದು, ಹನ್ನೊಂದರದಕ್ಕೆ ತಿಳಿಯುತ್ತದೆ. ಎರಡು ಧಕಾರಗಳೂ ದಕಾರಗಳಾದರೆ, ಒಂದು ಸಮಸ್ಥಾನದಲ್ಲಿಯೂ ಇನ್ನೊಂದು ವಿಷಮಸ್ಥಾನದಲ್ಲಿಯೂ ಇರುವುದರಿಂದ ಹನ್ನೊಂದರ ಪರೀಕ್ಷೆ ವಂಚಿತವಾಗುತ್ತದೆ. ಒಂಬತ್ತರದು ಶೇಷ ೮ನ್ನು ತೋರಿ ದೋಷವನ್ನು ಹಿಡಿಯುತ್ತದೆ. ಅಂತಿಮ ಪ್ರಮಾಣ ಮಾತ್ರ ಘನವನ್ನು ಮತ್ತೆ ಗಣಿಸುವುದೇ.

೧೩೫೯ರ ಕೇಶವವರ್ಣಿಯ ಕರ್ಣಾಟಕವೃತ್ತಿಯ ಪ್ರತಿಗಳನ್ನು ಪರಿಶೀಲಿಸುವವರಿಗೆ ಈ ಕ್ರಮ ಉಪಯುಕ್ತ. ಗಣಿತವು ಪಾಠದ ಶುದ್ಧಿಯನ್ನು ನಿರ್ಣಯಿಸಬಲ್ಲುದೇ ಹೊರತು ಪರಂಪರೆಗಳ ವಿವಾದವನ್ನಲ್ಲ. ವೀರಸೇನರಿಗೂ ನೇಮಿಚಂದ್ರರಿಗೂ ಇರುವ ಭೇದ ಆಚಾರ್ಯರ ಮತಭೇದ. ಅದನ್ನು ಲಿಪಿಕಾರನ ತಲೆಗೆ ಕಟ್ಟಿ ಅಳಿಸುವುದು ಸಂಪಾದನೆಯಲ್ಲ.