ಮಡಚುವ ಬಿಡಾರಕ್ಕೆ ಗಿರಾಕಿ ಕಡಿಮೆ

ಅಮೆರಿಕದ ಕ್ಯಾಂಪ್‌ಗ್ರೌಂಡುಗಳಲ್ಲಿ ಈಗ ಗಟ್ಟಿ ಗೋಡೆಯ ಎತ್ತರದ ಟ್ರೇಲರ್‌ಗಳದ್ದೇ ಸಾಲು. ಕ್ಯಾನ್ವಾಸ್ ಗೋಡೆಯ ಮಡಚುವ ಟ್ರೇಲರ್ ‘ಪಾಪ್-ಅಪ್’ ಕಣ್ಣಿಗೆ ಬೀಳುವುದು ಅಪರೂಪವಾಗುತ್ತಿದೆ. ಸಾಮಾನ್ಯ ಸಂಸಾರವನ್ನು ಕಾಡಿನಂಚಿಗೆ ಕರೆದೊಯ್ಯಲು ಇದಕ್ಕಿಂತ ಜಾಣ ಗಾಡಿಯನ್ನು ಯಾರೂ ಕಟ್ಟಿಲ್ಲ ಎಂದು ನಂಬಿರುವ ನನಗೆ ಇದು ಬೇಸರದ ಸಂಗತಿ.

ಅದರ ರಚನೆಯನ್ನೇ ನೋಡಿ. ದಾರಿಯಲ್ಲಿ ಅದು ಎದೆಯೆತ್ತರದ ಪೆಟ್ಟಿಗೆ. ಗಾಳಿಗೆ ಅಡ್ಡವಾಗುವುದು ಕಡಿಮೆ, ಮನೆಯ ಗ್ಯಾರೇಜಿನಲ್ಲೇ ಹಿಡಿಸುತ್ತದೆ. ತಂಗುವ ಜಾಗದಲ್ಲಿ ಹಿಡಿಕೆ ತಿರುಗಿಸಿದರೆ ಉಕ್ಕಿನ ಹಗ್ಗ ನಾಲ್ಕು ಮೂಲೆಯ ಕಂಬಗಳನ್ನೂ ಒಟ್ಟಿಗೆ ಎತ್ತುತ್ತದೆ, ಚಾವಣಿ ಮೇಲೇರುತ್ತದೆ. ಎರಡೂ ತುದಿಯ ಮಂಚಗಳನ್ನು ಹೊರಗೆಳೆದು ಆನಿಕೆ ಕೊಟ್ಟು ಕ್ಯಾನ್ವಾಸ್ ಬಿಗಿದರೆ ಆರು ಜನ ಮಲಗುವಷ್ಟು ಜಾಗ. ಜಿಪ್ ಸರಿಸಿದರೆ ಮೂರೂ ದಿಕ್ಕಿನ ಗಾಳಿ ಹಾಸಿಗೆಗೇ ಬರುತ್ತದೆ.

ಲಾಂದ್ರ, ಸ್ಟೋವ್‌ಗಳಿಗೆ ಹೆಸರಾದ ಕೋಲ್ಮನ್ ಕಂಪನಿ 1967ರಲ್ಲಿ ಪೆನ್ಸಿಲ್ವೇನಿಯಾದ ಸಾಮರ್‌ಸೆಟ್‌ನಲ್ಲಿ ಇಂಥ ಟ್ರೇಲರ್‌ಗಳ ತಯಾರಿಕೆಗೆ ಇಳಿಯಿತು. ಮರುವರ್ಷ ಇಂಡಿಯಾನಾದಲ್ಲಿ ಲಾಯ್ಡ್ ಬಾಂಟ್ರೇಗರ್ ತಾವೇ ರೂಪಿಸಿದ ಚಾವಣಿ ಎತ್ತುವ ಏರ್ಪಾಟನ್ನು ನೆಚ್ಚಿ ತಮ್ಮ ಹೊಲದಲ್ಲೇ ಜೇಕೋ ಕಂಪನಿ ಆರಂಭಿಸಿದರು. ಕೋಲ್ಮನ್ ಟ್ರೇಲರ್ ಮುಂದೆ ಫ್ಲೀಟ್‌ವುಡ್ ಕಂಪನಿಯ ಪಾಲಾಯಿತು. ಆ ಕಂಪನಿ 2009ರಲ್ಲಿ ದಿವಾಳಿಯೆದ್ದ ಬಳಿಕ ಹೆಚ್ಚು ಕಾಲ ಕಳೆಯುವ ಮುನ್ನವೇ ಸಾಮರ್‌ಸೆಟ್ ಕಾರ್ಖಾನೆಯೂ ಬಾಗಿಲು ಹಾಕಿತು.

ಆದರೆ ಇಳಿಮುಖಕ್ಕೆ ಒಂದು ಕಂಪನಿಯ ದಿವಾಳಿಯಷ್ಟೇ ಕಾರಣವಲ್ಲ. ಮನೆಯ ಕಾರೇ ಎಳೆಯಬಲ್ಲ ಹಗುರ ಈ ಗಾಡಿಯ ಬಂಡವಾಳವಾಗಿತ್ತು. ಅಂಗಳದಲ್ಲಿ ಎಸ್‌ಯುವಿ, ಪಿಕಪ್ ಬಂದು ನಿಂತ ಮೇಲೆ ಆ ಹಗುರಕ್ಕೆ ಬೆಲೆ ಉಳಿಯಲಿಲ್ಲ. ದೀರ್ಘಾವಧಿ ಸಾಲ ಸಿಗುವುದರಿಂದ ದೊಡ್ಡ ಟ್ರೇಲರ್‌ನ ಕಂತೂ ಕೈಗೆಟುಕುವಂತೆ ಕಾಣತೊಡಗಿತು. ಕ್ಯಾನ್ವಾಸಿನ ಕಷ್ಟವೂ ಇದೆ. ಮಳೆಯಲ್ಲಿ ಮಡಚಿ ತಂದರೆ ಮನೆಯಲ್ಲಿ ಮತ್ತೆ ಬಿಚ್ಚಿ ಒಣಗಿಸಬೇಕು, ಇಲ್ಲವಾದರೆ ಬೂಷ್ಟು ಹಿಡಿಯುತ್ತದೆ. ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದ ಫಿಶಿಂಗ್ ಬ್ರಿಜ್‌ನಂಥ ಕಡೆ ಕರಡಿಗಳ ಕಾರಣಕ್ಕೆ ಬಟ್ಟೆಗೋಡೆಯ ಗಾಡಿಗಳಿಗೆ ಪ್ರವೇಶವೇ ಇಲ್ಲ. 2021ರಲ್ಲಿ ಅಮೆರಿಕದ ಆರ್‌ವಿ (ವಾಸಯೋಗ್ಯ ಪ್ರವಾಸಿ ಗಾಡಿ) ಉದ್ಯಮ 6 ಲಕ್ಷ ಗಾಡಿಗಳನ್ನು ಹೊರತಂದು ದಾಖಲೆ ಬರೆದಾಗಲೂ ಅದರಲ್ಲಿ ಮಡಚುವ ಟ್ರೇಲರ್‌ಗಳ ಪಾಲು ತೀರಾ ಸಣ್ಣದು.

ಈ ಇಳಿಮುಖದಿಂದ ಹೆಚ್ಚು ಕಳೆದುಕೊಂಡವರು ಹೊಸದಾಗಿ ಸಂಸಾರ ಹೂಡಿದವರು. ಡೇರೆಯಿಂದ ಮೇಲಕ್ಕೆ ಹತ್ತಲು ಅವರಿಗಿದ್ದ ಮೊದಲ ಮೆಟ್ಟಿಲು ಇದು. ಮಕ್ಕಳು ಆನಿಕೆ ಕೊಡುತ್ತ, ದೊಡ್ಡವರು ಹಿಡಿಕೆ ತಿರುಗಿಸುತ್ತ ಎಲ್ಲರೂ ಕೈಹಚ್ಚಿ ಎಬ್ಬಿಸುವ ಮನೆ ಇದೊಂದೇ.

ಆದ್ದರಿಂದ ಅಮೆರಿಕದಲ್ಲಿರುವ ಕನ್ನಡಿಗರಿಗೆ ನನ್ನ ಸಲಹೆ: ಹಳೆಯದನ್ನೇ ಹುಡುಕಿ, ಆದರೆ ಪೂರ್ತಿ ಬಿಚ್ಚಿಸಿ ನೋಡದೆ ಹಣ ಕೊಡಬೇಡಿ. ಮೂಲೆಗಳಲ್ಲಿ ನೆಲವನ್ನು ಕಾಲಿಂದ ಒತ್ತಿ. ಮೆತ್ತಗಾದರೆ ನೀರು ಕುಡಿದಿದೆ ಎಂದರ್ಥ. ಹಗ್ಗದ ಎಳೆ ಬಿಚ್ಚಿಕೊಂಡಿದೆಯೇ, ಕ್ಯಾನ್ವಾಸಿನ ಹೊಲಿಗೆ ಗಟ್ಟಿಯಿದೆಯೇ, ಚಾವಣಿಯ ಅಂಚು ಉಬ್ಬಿದೆಯೇ ನೋಡಿ. ಹರಿದ ಬಟ್ಟೆಯನ್ನು ಬದಲಿಸಬಹುದು. ಕೊಳೆತ ನೆಲದ ಗಾಡಿಯನ್ನು ಮಾತ್ರ ಬಿಟ್ಟು ಬನ್ನಿ. ಇಷ್ಟರಲ್ಲಿ ಪಾಸಾದ ಗಾಡಿಯನ್ನು ಒಣಗಿಸಿಯೇ ಮಡಚುವ ಶಿಸ್ತು ನಿಮಗಿದ್ದರೆ, ಸಾಲದ ಹೊರೆಯಿಲ್ಲದೆ ಅದು ವರ್ಷಗಟ್ಟಲೆ ನಿಮ್ಮೊಡನೆ ಬರುತ್ತದೆ.