ಅಂತೆಯೂ ಅಳತೆಯೂ

ಭದ್ರಾ ನಾಲೆಗೆ ನೀರು ಬಿಡುವ ದಿನಗಳು ಸಮೀಪಿಸಿದಂತೆಲ್ಲ ಮಲೆಬೆನ್ನೂರಿನ ಚಹದಂಗಡಿಗಳಲ್ಲಿ ಕಾವೇರುವ ವಾಗ್ವಾದವನ್ನು ಒಂದು ಕೃತಿಯಂತೆಯೇ ವಿಮರ್ಶೆಗೆ ಒಡ್ಡಬಹುದೆಂದು ನನಗೆ ಬಹುಕಾಲದಿಂದ ತೋರಿದೆ; ಅದಕ್ಕೆ ಪಾತ್ರಗಳುಂಟು, ಋತುವುಂಟು, ತನ್ನದೇ ಆದ ಒಂದು ಪ್ರಮಾಣಶಾಸ್ತ್ರವೂ ಉಂಟು.

ಆ ಶಾಸ್ತ್ರದ ಪ್ರಥಮ ಗುಣ ನಮ್ಮ ವ್ಯಾಕರಣವೇ ಕೊಟ್ಟ ವರ. “ಡ್ಯಾಮು ತುಂಬೈತಂತೆ” ಎಂದು ಒಬ್ಬರು ಲೋಟ ಕೆಳಗಿಡುತ್ತ ನುಡಿದಾಗ, ಕಡೆಯ ಆ ‘ಅಂತೆ’ಯು ಇದು ಕಂಡದ್ದಲ್ಲ, ಕೇಳಿದ್ದು ಎಂಬುದನ್ನು ಯಾರೂ ಕೇಳದೆಯೇ ಒಪ್ಪಿಕೊಂಡುಬಿಡುತ್ತದೆ. ನೈಯಾಯಿಕರು ಪ್ರತ್ಯಕ್ಷ, ಅನುಮಾನ, ಉಪಮಾನಗಳ ಜೊತೆಗೆ ಶಬ್ದವನ್ನೂ ಪ್ರಮಾಣವೆಂದು ಎಣಿಸಿ, ಆ ಶಬ್ದ ಆಪ್ತನ ಬಾಯಿಂದ ಬಂದಿರಬೇಕೆಂದು ವಿಧಿಸಿದರು. ನಮ್ಮ ಒಕ್ಕಲಿನವನು ಎರಡಕ್ಷರದ ಪ್ರತ್ಯಯದಲ್ಲಿಯೇ ಆ ಎಚ್ಚರವನ್ನು ಕಾಯ್ದುಕೊಳ್ಳುತ್ತಾನೆ. ಇರುವ ದೋಷವೆಂದರೆ, ಮೂರನೆಯ ಬಾಯಿಗೆ ಬರುವಷ್ಟರಲ್ಲಿ ಆ ಪ್ರತ್ಯಯ ಉದುರಿಹೋಗಿ “ತುಂಬೈತೆ” ಮಾತ್ರ ಉಳಿಯುವುದು. ಹರಿಹರದ ಹರಿಹರೇಶ್ವರ ದೇವಾಲಯವನ್ನು ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೊಲಾಳ್ವನು 1224ರ ಸುಮಾರಿಗೆ ಕಟ್ಟಿಸಿದನೆಂಬುದಕ್ಕೆ ಶಾಸನಾಧಾರವಿದ್ದರೂ, ಅದನ್ನು ಕೆತ್ತಿದವನು ಜಕಣಾಚಾರಿಯೇ ಎಂದು ಸಾಧಿಸುವವರನ್ನು ನಾನು ಕಂಡಿದ್ದೇನೆ; ಐತಿಹ್ಯದ ಜಕಣಾಚಾರಿ ಬೇಲೂರಿನ ವಿಷ್ಣುವರ್ಧನನ ಕಾಲದವನಾದುದರಿಂದ, ಶತಮಾನ ಕಳೆದ ಮೇಲೆ ಇಲ್ಲಿ ಉಳಿ ಹಿಡಿಯಲು ಆತನಿಗೆ ಚಿರಂಜೀವಿತ್ವವೇ ಬೇಕಾದೀತು. ಅದೂ ಎಂದೋ ಒಮ್ಮೆ ‘ಅಂತೆ’ಯಾಗಿಯೇ ಹೊರಟಿದ್ದಿರಬೇಕು.

ವಾದ ಸೋಲುವಂತೆ ಕಂಡಾಗ ಬರುವುದು ಆಣೆ. ಪಕ್ಕದ ಕೊಮಾರನಹಳ್ಳಿಯ ಹೆಳವನಕಟ್ಟೆ ರಂಗನಾಥನನ್ನು ಗಿರಿಯಮ್ಮ ಕೀರ್ತನೆಗಳಲ್ಲಿ ಕರೆದದ್ದು ಭಕ್ತಿಗಾಗಿ. ಇವರು ಕರೆಯುವುದು ಸಾಕ್ಷಿಗಾಗಿ. ಸಾಕ್ಷ್ಯಕ್ಕೂ ಶಪಥಕ್ಕೂ ಪರಿಮಾಣಕ್ಕೂ ಕನ್ನಡ ‘ಪ್ರಮಾಣ’ವೆಂಬ ಒಂದೇ ಪದವನ್ನು ಇಟ್ಟುಕೊಂಡಿರುವುದು ಎಂಥ ವಿನೋದ! ಪ್ರಮಾಣ ಕೊಡಿರೆಂದರೆ ನಮ್ಮವರು ಪ್ರಮಾಣ ಮಾಡುತ್ತಾರೆ. ಪ್ರಮಾಣವೆಷ್ಟೆಂದು ಅಳೆಯುವುದು ಕಟ್ಟಕಡೆಗೆ.

ಅಳತೆ ಬಂದೊಡನೆ ಜಗಳ ತೀರಿತೆನ್ನುವಂತೆಯೂ ಇಲ್ಲ. ಲಕ್ಕವಳ್ಳಿಯ ಭದ್ರಾ ಜಲಾಶಯದ ಪೂರ್ಣಮಟ್ಟ 186 ಅಡಿಯೆಂಬುದು ಈ ಸೀಮೆಯ ಮಕ್ಕಳಿಗೂ ಬಾಯಿಪಾಠ. ಇಂದಿಗೆ ಎಷ್ಟು ಅಡಿಯಾಯಿತೆಂದು ಪತ್ರಿಕೆ ನೋಡಿ ಹೇಳುವವನ ಅಂಕಿ ನಿಜ, ಕೊನೆಯಂಚಿನಲ್ಲಿ ಬಿರುಕು ಬಿಟ್ಟ ಗದ್ದೆಯನ್ನು ತೋರಿಸುವವನ ಕಾಣ್ಕೆಯೂ ನಿಜ, ಆದರೂ ಇಬ್ಬರೂ ಒಬ್ಬರನ್ನೊಬ್ಬರು ಸುಳ್ಳುಗಾರರೆಂದು ಕರೆಯುತ್ತಾರೆ. ಮಳೆ ಕೈಕೊಟ್ಟ 2023ರಲ್ಲಿ, ಇದ್ದ ನೀರನ್ನು ದಾವಣಗೆರೆ ಸೀಮೆಯ ಭತ್ತಕ್ಕೆ ಸತತವಾಗಿ ಹರಿಸಬೇಕೋ, ಶಿವಮೊಗ್ಗದ ಕಡೆಯ ಅಡಕೆ ತೋಟಗಳ ಬೇಸಗೆಗೆ ಉಳಿಯುವಂತೆ ಬಿಟ್ಟು ನಿಲ್ಲಿಸಿ ಕೊಡಬೇಕೋ ಎಂಬ ವಿವಾದ ಬೀದಿಗಿಳಿದಾಗಲೂ ನನಗೆ ಕಂಡದ್ದು ಸಾಕ್ಷ್ಯದ ಅಭಾವಕ್ಕಿಂತ ಅದರ ಸ್ಥಾನಭ್ರಂಶ. ಅಣೆಕಟ್ಟೆಯ ಅಡಿಯು ಅಲ್ಲಿ ನಿಂತ ನೀರಿನ ಮಾತು. ತೂಬಿನ ಬಾಯಿಗೆ ಬರುವುದು ಮೇಲ್ಭಾಗದವರ ಪಂಪ್‌ಸೆಟ್ಟು, ಹೂಳು, ಸೋರಿಕೆ, ಸರದಿಯ ದಿನ ಇವೆಲ್ಲವನ್ನೂ ಕಳೆದು ಉಳಿದದ್ದು. ಬೆಟ್ಟದ ಮೇಲೆ ಬೆಂಕಿಯಿದೆಯೆಂದು ಸಾಧಿಸಲು ತರ್ಕಶಾಸ್ತ್ರ ಹೊಗೆಯನ್ನು ಕೇಳುತ್ತದೆ ನಿಜ, ಆದರೆ ಹೊಗೆ ಆ ಬೆಟ್ಟದ ಮೇಲೆಯೇ ಏಳಬೇಕು. ಲಕ್ಕವಳ್ಳಿಯ ಗುಡ್ಡದ ಹೊಗೆಯಿಂದ ಮಲೆಬೆನ್ನೂರಿನ ಬೆಂಕಿ ಸಿದ್ಧವಾಗದು. ಹಾಗೆಯೇ, ಒಂದು ಒಣಗದ್ದೆಯಿಂದ ಇಡೀ ಅಚ್ಚುಕಟ್ಟು ಒಣಗಿತೆನ್ನುವುದೂ ಸಲ್ಲದು. ರೈತನ ಸಂಕಟವನ್ನು ಬಲ್ಲವನಾಗಿಯೂ ಈ ಮಾತನ್ನು ಹೇಳಬೇಕಾಗಿದೆ.

ಒಮ್ಮೆ ಇಂಥ ಗದ್ದಲದ ನಡುವೆ ಹಿರಿಯರೊಬ್ಬರು ಒಂದು ಕೋಲನ್ನು ಹಿಡಿದು ಬಂದು, ಅದರ ಒದ್ದೆಯಾದ ಗುರುತನ್ನು ಎಲ್ಲರಿಗೂ ತೋರಿಸಿ, “ನಮ್ಮ ಚಾನಲ್‌ನಾಗೆ ಇಷ್ಟೇ ಐತೆ, ಮೊಣಕಾಲೂ ಮುಳುಗಲ್ಲ” ಎಂದರು. ಅಂಗಡಿ ಕ್ಷಣಕಾಲ ಮೌನವಾಯಿತು. ಅಷ್ಟರಲ್ಲಿ ಮೂಲೆಯಲ್ಲಿ ಕುಳಿತಿದ್ದ ಹುಡುಗನೊಬ್ಬ ಸಂಕೋಚದಿಂದಲೇ, “ಎಷ್ಟೊತ್ತಿಗೆ ನೋಡಿದ್ರಿ ಯಜಮಾನ್ರೇ? ರಾತ್ರಿ ಮೇಲಿನೋರು ಪಂಪು ಹಚ್ಚಿರ್ತಾರಲ್ಲ?” ಎಂದು ಕೇಳಿದ. ಹಿರಿಯರು ಕೋಪಗೊಳ್ಳಲಿಲ್ಲ, ಆಣೆಯನ್ನೂ ಇಡಲಿಲ್ಲ. “ಬೆಳಗಿನ ಆರಕ್ಕೆ” ಎಂದು ಹೇಳಿ, ಚಹ ಮುಗಿಸಿ, ಅದೇ ಕೋಲನ್ನು ಹಿಡಿದು ಮತ್ತೆ ನಾಲೆಯ ಕಡೆಗೆ ನಡೆದರು.